ಇಪ್ಪತ್ತು ಹೆಜ್ಜೆ ಬಿಟ್ಟು

ನಮ್ಮೂರಿನಿಂದ ಜಲಪಾತಕ್ಕೆ ಸಾವಿರದ ನಾನೂರು ಹೆಜ್ಜೆ. ಏರಿಲ್ಲ, ಇಳಿಜಾರಿಲ್ಲ, ಮುಳ್ಳಿಲ್ಲ. ಊರಬಾಗಿಲು ದಾಟಿದರೆ ನದಿ ಎಡಗಡೆ, ದಾರಿ ಮುಂದುಗಡೆ, ಅಷ್ಟೆ. ಈಗಷ್ಟೇ ನಡಿಗೆ ಕಲಿತ ಮಗು, ತುಂಬು ಬಸುರಿ, ಮದುವೆ ಊಟ ಮುಗಿಸಿದ ಬೀಗರು, ಯಾರು ಬೇಕಾದರೂ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವುದರೊಳಗೆ ಹೋಗಿ ತಲುಪಬಹುದು. ಆದರೆ ಹೋಗುವಂತಿಲ್ಲ, ತೊಂದರೆ ಅದೊಂದೇ.

ಯಾಕೆಂದರೆ ಜಲಪಾತ ನೋಡಿದರೆ ಸವೆಯುತ್ತದೆ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಹೊಸ್ತಿಲು ಕಾಲಿಗೆ ಸವೆಯುವ ಹಾಗೆ, ಬಾವಿಯ ಕಲ್ಲು ಹಗ್ಗಕ್ಕೆ ಸವೆಯುವ ಹಾಗೆ, ಜಲಪಾತ ಕಣ್ಣಿಗೆ ಸವೆಯುತ್ತದೆ. ಬೇಸಿಗೆಯಲ್ಲಿ ನದಿ ಸಣ್ಣದಾಗುವುದು ಯಾಕೆ ಎಂದು ಕೇಳಿ ನೋಡಿ, ಯಾರೋ ಕದ್ದು ನೋಡಿರಬೇಕು ಎನ್ನುತ್ತಾರೆ. ಮಳೆಗಾಲದಲ್ಲಿ ಮತ್ತೆ ತುಂಬುವುದು ಯಾಕೆ ಎಂದರೆ, ಆಗ ಕಳ್ಳರಿಗೂ ಮನೆ ಬಿಟ್ಟು ಹೊರಡಲು ಸೋಮಾರಿತನ ಎನ್ನುತ್ತಾರೆ. ಇಷ್ಟು ಒಳ್ಳೊಳ್ಳೆಯ ಉತ್ತರಗಳಿರುವ ಊರಲ್ಲಿ ಪ್ರಶ್ನೆ ಕೇಳುವವನು ಬಹಳ ದಿನ ಕೇಳುವುದಿಲ್ಲ. ಬೇಜಾರಾಗಿ ಸುಮ್ಮನಾಗುತ್ತಾನೆ.

ಆದ್ದರಿಂದ ವರ್ಷಕ್ಕೆ ಒಂದೇ ನೋಟ. ಒಂದೇ ಜೋಡಿ ಕಣ್ಣು, ಒಂದೇ ಸಲ. ಅದಕ್ಕಾಗಿಯೇ ಸಾಲು.

ಸಾಲಿನ ನಿಯಮ ಹೀಗೆ. ವರ್ಷಕ್ಕೆ ಒಬ್ಬ ಹೊಸಬ ಸಾಲಿಗೆ ಸೇರುತ್ತಾನೆ, ಅವನೇ ಎಲ್ಲರಿಗಿಂತ ಮುಂದೆ. ಅವನ ಹಿಂದೆ ಹೋದ ವರ್ಷದ ಹೊಸಬ, ಅವನ ಹಿಂದೆ ಅದರ ಹಿಂದಿನ ವರ್ಷದವನು. ಒಮ್ಮೆ ಸೇರಿದವರು ಬದುಕಿರುವ ತನಕ ಪ್ರತಿ ವರ್ಷ ನಡೆಯಲೇಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಇಪ್ಪತ್ತು ಹೆಜ್ಜೆ ಬಿಡಬೇಕು, ಮುಂದಿನವರ ಹೆಗಲ ಮೇಲಿಂದ ಇಣುಕಬಾರದಲ್ಲ. ಸತ್ತವರ ಜಾಗ ತುಂಬುವಂತಿಲ್ಲ. ಅಲ್ಲಿ ನಲವತ್ತು ಹೆಜ್ಜೆ ಬಿಡುತ್ತೇವೆ. ದಾರಿಯ ಕೊನೆಗೆ ಒಂದು ಬಂಡೆ, ಬಂಡೆಯ ಹತ್ತಿರ ತಿರುವು, ತಿರುವಿನ ಆಚೆ ಜಲಪಾತ. ಮೊದಲಿಗ ಬಂಡೆಯ ಪಕ್ಕದಿಂದ ಕತ್ತು ಚಾಚಿ ನೋಡಿ 'ಕಂಡೆ' ಎಂದು ಕೂಗುತ್ತಾನೆ. ಕೂಗು ಬಾಯಿಂದ ಬಾಯಿಗೆ ಹಿಂದಕ್ಕೆ ಬರುತ್ತದೆ. ಕೇಳಿದವರೆಲ್ಲ ನಿಂತಲ್ಲೇ ಊರ ಕಡೆ ತಿರುಗುತ್ತಾರೆ. ಆಗ ಕೊನೆಯವರೇ ಮೊದಲಾಗಿ ಸಾಲನ್ನು ಊರಿಗೆ ಕರೆತರುತ್ತಾರೆ, ಅವರ ಕೊರಳಿಗೆ ಹಾರ, ಮಿಕ್ಕವರಿಗೆ ಪುಳಿಯೋಗರೆ. ಮೊದಲಿಗರ ಕೂಗು ಬರುವವರೆಗೆ ಸಾಲು ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಇವಿಷ್ಟನ್ನೂ ಊರಬಾಗಿಲಿನ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿದೆ.

ನಾನು ಸಾಲಿನಲ್ಲಿ ಮೂವತ್ತೆರಡನೆಯವನು, ಕಸುಬಿನಲ್ಲಿ ದರ್ಜಿ. ಮೂವತ್ತೊಂದನೆಯವನು ಎಣ್ಣೆ ಗಾಣದವನು. ಅವನ ಅಂಗಿ ನಾನೇ ಹೊಲಿದದ್ದು. ಎಡ ಹೆಗಲಿನ ಹೊಲಿಗೆ ಸ್ವಲ್ಪ ಓರೆಯಾಗಿದೆ, ಅವನಿಗೆ ಗೊತ್ತಿಲ್ಲ. ಸಾಲು ಬಹಳ ಪವಿತ್ರವಾದದ್ದೆಂದು ಅವನು ಪ್ರತಿ ವರ್ಷ ಅದೇ ಅಂಗಿ ಹಾಕಿಕೊಂಡು ಬರುತ್ತಾನೆ. ಜನ ನನ್ನನ್ನು ಜಲಪಾತದ ದಾರಿ ಹೇಗಿದೆ ಎಂದು ಕೇಳಿದರೆ ನನಗೆ ನೆನಪಾಗುವುದು ನದಿಯಲ್ಲ, ಮರವಲ್ಲ, ಆ ಓರೆ ಹೊಲಿಗೆ.

ಮೂವತ್ತೊಂದು ವರ್ಷದ ಹಿಂದೆ ನಾನೂ ಮೊದಲಿಗನಾಗಿದ್ದೆ. ಏನು ಕಂಡೆ ಎಂದು ಕೇಳಿದವರಿಗೆಲ್ಲ ಒಂದು ಗಂಟೆ ವರ್ಣಿಸುತ್ತೇನೆ: ಏಳು ತಾಳೆಮರದ ಎತ್ತರ, ಕಾಮನಬಿಲ್ಲು, ಹಕ್ಕಿಗಳ ಹಿಂಡು. ನಿಜ ಹೇಳಬೇಕೆಂದರೆ, 'ಕಂಡೆ' ಎನ್ನಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಕಂಡದ್ದು. ಬಿಳಿ ಪಂಚೆ ಒಣಗಲು ಹಾಕಿದ ಹಾಗೆ ಏನೋ ಇತ್ತು. ಅದು ಅಲ್ಲಾಡದೆ ನಿಂತಿತ್ತು. ಜಲಪಾತ ಎಂದರೆ ನಿಂತಿರುವ ಬಿಳಿ ವಸ್ತು ಎಂದು ನಮ್ಮ ಸಾಲಿನವರೆಲ್ಲ ಒಪ್ಪುತ್ತಾರೆ.

ಸಾಲಿನ ಯಜಮಾನನಿಗೆ ಮಾತ್ರ ಜಲಪಾತದ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತು. ಅವನು ಒಮ್ಮೆಯೂ ನಡೆದವನಲ್ಲ. ಯಜಮಾನನಾಗಲು ಅದೇ ಅರ್ಹತೆ. ನೋಡಿದವನಾದರೆ ಪಕ್ಷಪಾತ ಮಾಡುತ್ತಾನೆ ಎಂದು ನಮ್ಮ ಹಿರಿಯರು ಯೋಚಿಸಿದ್ದರು. ಅವನು ಊರಬಾಗಿಲಿನಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ನೋಡುವುದು ಹೇಗೆ, ಎಷ್ಟು ನೋಡಿದರೆ ಎಷ್ಟು ಸವೆಯುತ್ತದೆ, ರೆಪ್ಪೆ ಎಷ್ಟು ತೆರೆಯಬೇಕು, ಎಲ್ಲವನ್ನೂ ಹೊಸಬರಿಗೆ ಒಂದು ವರ್ಷ ಪಾಠ ಹೇಳುತ್ತಾನೆ. ಬಾಯಿ ತೆರೆದರೆ ಜಲಪಾತವೇ ಸುರಿಯುತ್ತದೆ, ನೀರು ಮಾತ್ರ ಇರುವುದಿಲ್ಲ.

ಇನ್ನು ಕೊನೆಯವಳು. ಒಂಬತ್ತು ವರ್ಷದವಳಿದ್ದಾಗ ಮೊದಲಿಗಳಾಗಿ ಸಾಲಿಗೆ ಸೇರಿದವಳು. ಆಕೆಗಿಂತ ಹಳಬರೆಲ್ಲ ತೀರಿಕೊಂಡು, ಈಗ ಎಪ್ಪತ್ತೊಂದನೆಯ ಜಾಗದಲ್ಲಿ ಆಕೆಯೇ ಕೊನೆ. ಊರಬಾಗಿಲಿಗೆ ಹೊಂದಿಕೊಂಡೇ ಆಕೆಯ ಮನೆ. ಬತ್ತಿ ಹೊಸೆದು ಮಾರುತ್ತಾಳೆ. ಆಕೆಯನ್ನು ನಾವು ಮಹಾನಡಿಗೆಯವಳು ಎಂದು ಕರೆಯುತ್ತೇವೆ, ಕಂಡಲ್ಲಿ ಕೈ ಮುಗಿಯುತ್ತೇವೆ.

ಈಗ ಒಂದು ಸಣ್ಣ ಲೆಕ್ಕ. ಪ್ರತಿ ವರ್ಷ ಮುಂದೆ ಒಬ್ಬ ಸೇರುವುದರಿಂದ ಸಾಲು ಇಪ್ಪತ್ತು ಹೆಜ್ಜೆ ಉದ್ದವಾಗುತ್ತದೆ. ಮೊದಲಿಗ ಬಂಡೆ ಮುಟ್ಟಿ ಕೂಗುವ ಹೊತ್ತಿಗೆ ಮಿಕ್ಕವರೆಲ್ಲ ಹೋದ ವರ್ಷಕ್ಕಿಂತ ಇಪ್ಪತ್ತು ಹೆಜ್ಜೆ ಹಿಂದೆ ಇರುತ್ತಾರೆ. ಹೋದ ಸಲ ನಾನು ತಿರುಗಿದ್ದು ಹೊಂಗೆಮರದ ಕೆಳಗೆ, ಈ ಸಲ ಹೊಂಗೆಮರ ಬರುವ ಮುಂಚೆ. ನಡೆಯುವುದರಲ್ಲಿ ಅನುಭವ ಹೆಚ್ಚಾದಷ್ಟೂ ನಡೆಯುವುದು ಕಡಿಮೆ, ಕೈ ಮುಗಿಸಿಕೊಳ್ಳುವುದು ಜಾಸ್ತಿ. ಹೋದ ವರ್ಷ ಕೊನೆಯವಳು ಇಪ್ಪತ್ತೇ ಹೆಜ್ಜೆ ನಡೆದಿದ್ದಳು. ಈ ವರ್ಷ ಆಕೆ ಊರಬಾಗಿಲಿನಲ್ಲೇ ನಿಂತಿರಬೇಕು, ಒಂದು ಕಾಲನ್ನೂ ಎತ್ತದೆ. ಮುಂದೆ ಎಲ್ಲೋ ಯಾರೋ ಕೂಗುತ್ತಾರೆ, ಆಕೆ ನಿಂತಲ್ಲೇ ತಿರುಗುತ್ತಾಳೆ, ಹಾರ ಬೀಳುತ್ತದೆ. ಮಹಾನಡಿಗೆ ಮುಗಿಯಿತು.

ಸಾಲಿನ ದಿನ ಬೆಳಿಗ್ಗೆ ಊರೆಲ್ಲ ಬಾಗಿಲ ಬಳಿ ಸೇರಿತ್ತು. ಪುಳಿಯೋಗರೆಯ ಕೊಪ್ಪರಿಗೆಯ ಮೇಲೆ ಬಾಳೆಲೆ ಮುಚ್ಚಿದ್ದರು, ವಾಸನೆಯನ್ನು ಮುಚ್ಚಲು ಆಗಿರಲಿಲ್ಲ. ಈ ವರ್ಷದ ಹೊಸಬ ಬೇರೆ ಊರಿಂದ ಬಂದ ಮನೆ ಅಳಿಯ. ಅವನ ಅತ್ತೆ ಎಂಟು ವರ್ಷ ಯಜಮಾನನ ಮನೆಗೆ ಉಪ್ಪಿನಕಾಯಿ ಹೊತ್ತು ಅವನ ಹೆಸರು ಹಾಕಿಸಿದ್ದಳು. ಹೊಸ ಚಪ್ಪಲಿ, ಹೊಸ ಶಲ್ಯ. ವಾರದಿಂದ ಕೊಟ್ಟಿಗೆಯಲ್ಲಿ 'ಕಂಡೆ, ಕಂಡೆ' ಎಂದು ಕೂಗಿ ಕೂಗಿ ಅವರ ಮನೆಯ ಎಮ್ಮೆ ಹಾಲು ಕೊಡುವುದನ್ನು ಕಡಿಮೆ ಮಾಡಿತ್ತು.

ಯಜಮಾನ ಕುರ್ಚಿಯಿಂದ ಎದ್ದು ಕೈ ಎತ್ತಿದ. ಎಲ್ಲರೂ ತಂತಮ್ಮ ಜಾಗಕ್ಕೆ ನಿಂತೆವು. ಆಗ ಎಪ್ಪತ್ತೊಂದನೆಯ ಜಾಗದಿಂದ ಕೊನೆಯವಳು ನಿಧಾನವಾಗಿ ನಡೆದು ಬಂದು ಯಜಮಾನನ ಮುಂದೆ ನಿಂತಳು.

"ಯಜಮಾನಪ್ಪ, ಒಂದು ಮಾತು."

"ಹೇಳಿ ಅಜ್ಜಿ. ಬೇಗ ಹೇಳಿ, ಹೊತ್ತಾಗುತ್ತೆ."

"ನನಗೇನು ಹೊತ್ತು? ಈ ವರ್ಷ ನಾನು ಬಾಗಿಲಲ್ಲಿ ನಿಂತು ಜಲಪಾತಕ್ಕೆ ಹೋಗಬೇಕು. ಮುಂದಿನ ವರ್ಷ ನಮ್ಮನೆ ಅಡುಗೆಮನೆಯಲ್ಲಿ ನಿಂತು ಹೋಗಬೇಕು. ಅದರ ಮುಂದಿನ ವರ್ಷ ಹಿತ್ತಿಲಲ್ಲಿ. ಅಲ್ವಾ?"

ಜನ ನಕ್ಕರು. ಯಜಮಾನ ನಗಲಿಲ್ಲ. "ಅದು ನಿಮಗೆ ಸಿಗೋ ಗೌರವ ಅಜ್ಜಿ. ಎಷ್ಟು ಜನಕ್ಕೆ ಸಿಗುತ್ತೆ?"

"ಗೌರವ ಇರಲಿ. ನಾನು ಜಲಪಾತ ನೋಡಿಲ್ಲ."

"ಏನಂದ್ರಿ?"

"ನೋಡಿಲ್ಲಪ್ಪ. ಒಂಬತ್ತು ವರ್ಷದವಳು, ಬಂಡೆ ಹತ್ತಿರ ಹೋದೆ. ನಮ್ಮವ್ವ ಹೇಳಿದ್ದಳು, ಜಾಸ್ತಿ ನೋಡಬೇಡ, ಸವೆದು ಹೋದರೆ ಊರಿಗೆ ನೀರಿರಲ್ಲ ಅಂತ. ನನಗೆ ಭಯ ಆಯ್ತು. ನನ್ನಿಂದ ಯಾಕೆ ಸವೀಬೇಕು ಅಂತ ಕಣ್ಣು ಗಟ್ಟಿ ಮುಚ್ಚಿಕೊಂಡು 'ಕಂಡೆ' ಅಂತ ಕೂಗಿಬಿಟ್ಟೆ. ಎಲ್ಲರೂ ತಿರುಗಿದರು. ಸದ್ದು ಕೇಳಿದ್ದೀನಿ, ಅಷ್ಟೇ. ಎಪ್ಪತ್ತು ವರ್ಷ ನಿಮ್ಮೆಲ್ಲರ ಕೈಲೂ ಕೈ ಮುಗಿಸಿಕೊಂಡೆ. ಸಾಯೋದ್ರೊಳಗೆ ಒಂದು ಸಲ ನೋಡಬೇಕು."

ನಾವೆಲ್ಲ ಜಲಪಾತವನ್ನು ಸವೆಸಿದವರು. ಒಬ್ಬಳು ಮಾತ್ರ, ಕೈಯಷ್ಟುದ್ದದ ಹುಡುಗಿ, ಅದನ್ನು ನಮಗಾಗಿ ಉಳಿಸಿ ಬಂದಿದ್ದಳು. ಅದಕ್ಕೆ ಆಕೆಗೆ ಸಿಕ್ಕಿದ್ದು ವರ್ಷಕ್ಕೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗುವ ಭಾಗ್ಯ.

ಯಜಮಾನನ ಮುಖ ಕೆಂಪಾಯಿತು. "ಸುಳ್ಳು ಕೂಗಿದ್ದೀರಿ ಅಂದಹಾಗಾಯ್ತು. ಸುಳ್ಳು ಕೂಗಿದವರನ್ನ ಸಾಲಿಂದ ಆಚೆ ಹಾಕಬೇಕು. ಜೀವಮಾನದಲ್ಲಿ ಈ ದಾರಿಗೆ ಕಾಲಿಡೋ ಹಾಗಿಲ್ಲ. ಗೊತ್ತಿದೆ ತಾನೆ?"

"ಗೊತ್ತಿದೆ. ಅದಕ್ಕೇ ಎಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹಾಕು. ಹಾಕಿದರೂ ಬಾಗಿಲಲ್ಲೇ ಇರ್ತೀನಿ, ಹಾಕದಿದ್ದರೂ ಬಾಗಿಲಲ್ಲೇ ಇರ್ತೀನಿ."

ಆಕೆಯ ಮುಂದಿನ ಜಾಗದ ಮುದುಕ ಅಲ್ಲಿಂದಲೇ ಕೆಮ್ಮಿದ. ಎಪ್ಪತ್ತನೆಯವನು. ಹಾರಕ್ಕಾಗಿ ಹತ್ತು ವರ್ಷದಿಂದ ಕೊರಳು ತೊಳೆದುಕೊಂಡು ಕಾಯುತ್ತಿದ್ದವನು. "ಸತ್ತವರ ಹಾರ ಮುಂದಿನವರಿಗೆ ಬರುತ್ತೆ; ಆಚೆ ಹಾಕಿದರೆ ಆಯಮ್ಮ ಇರೋ ತನಕ ಎಪ್ಪತ್ತೊಂದನೇ ಜಾಗ ಖಾಲಿ ಬಿಡಬೇಕಾಗುತ್ತೆ, ಹಾರ ಯಾರಿಗೂ ಇಲ್ಲದ ಹಾಗಾಗುತ್ತೆ," ಎಂದ. "ಆದರೆ ಆಯಮ್ಮ ನೋಡೇ ಇಲ್ಲ ಅಂದಮೇಲೆ ಹೊಸಬಳೇ ತಾನೆ? ಹೊಸಬರ ಜಾಗ ಮುಂದೆ. ನಾನು ಕೊನೆಗೆ ನಿಲ್ಲೋದಕ್ಕೆ ತಯಾರಿದ್ದೀನಿ. ಊರಿಗೋಸ್ಕರ."

ಮನೆ ಅಳಿಯನ ಅತ್ತೆ ಬುಸುಗುಟ್ಟಿದಳು. "ಹಾಗಾದ್ರೆ ನಮ್ಮ ಅಳಿಯಂದಿರು ಏನು ಮಾಡಬೇಕು? ಎಂಟು ವರ್ಷದ ಉಪ್ಪಿನಕಾಯಿ?"

ಉಪ್ಪಿನಕಾಯಿ ಎಂಬ ಮಾತು ಊರ ಮುಂದೆ ಬಂದದ್ದು ಯಜಮಾನನಿಗೆ ಹಿಡಿಸಲಿಲ್ಲ. ಅವನು ಕೂಡಲೇ ತೀರ್ಪು ಕೊಟ್ಟ. ಕೊನೆಯವಳು ಈ ವರ್ಷ ಮೊದಲಿಗಳು. ಅಳಿಯ ಎರಡನೆಯ ಜಾಗ, ಅವನ ನೋಟ ಮುಂದಿನ ವರ್ಷಕ್ಕೆ. ಮಿಕ್ಕವರೆಲ್ಲ ಒಂದೊಂದು ಜಾಗ ಹಿಂದಕ್ಕೆ. ಇಂಥ ಪುಕ್ಕಲುತನ ಇನ್ನೊಮ್ಮೆ ನಡೆಯಬಾರದೆಂದು ಸುಣ್ಣದ ಬಟ್ಟಲು ತರಿಸಿ ಹಲಗೆಯ ಕೊನೆಗೆ ತಾನೇ ಕೈಯಾರೆ ಬರೆದ: ಕಣ್ಣು ಮುಚ್ಚಿಕೊಂಡು ಕೂಗಿದ್ದು ಕೂಗಲ್ಲ. ಬರೆದು, ದೂರ ನಿಂತು ನೋಡಿ, 'ಕೂಗಲ್ಲ' ಎಂಬುದರ ಕೆಳಗೆ ಒಂದು ಗೆರೆಯನ್ನೂ ಎಳೆದ.

ಸಾಲು ಹೊರಟಿತು.

ನದಿ ಎಡಗಡೆ, ದಾರಿ ಮುಂದುಗಡೆ. ಇಪ್ಪತ್ತು ಹೆಜ್ಜೆ, ಒಬ್ಬ ಮನುಷ್ಯ. ಇಪ್ಪತ್ತು ಹೆಜ್ಜೆ, ಒಬ್ಬ ಮನುಷ್ಯ. ನಲವತ್ತು ಹೆಜ್ಜೆ, ಒಬ್ಬ ಸತ್ತವನು, ಒಬ್ಬ ಮನುಷ್ಯ. ಮುದುಕಿ ಮುಂದಿದ್ದುದರಿಂದ ಸಾಲು ಬಸವನಹುಳುವಾಯಿತು. ಆಕೆ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡರೆ ಅಳಿಯ ನಿಲ್ಲುವಂತಿಲ್ಲದೆ ಕಾಲನ್ನು ನಿಂತಲ್ಲೇ ಎತ್ತಿ ಇಡುತ್ತಿದ್ದ, ಅವನ ಹಿಂದಿನವರೆಲ್ಲ ಹಾಗೇ ಮಾಡುತ್ತಿದ್ದರು. ದೂರದಿಂದ ನೋಡಿದವರಿಗೆ ಊರಿನ ಗಣ್ಯರೆಲ್ಲ ನದಿ ದಂಡೆಯಲ್ಲಿ ರಾಗಿ ತುಳಿಯುತ್ತಿದ್ದಾರೆ ಎನಿಸಿರಬೇಕು. ನನ್ನ ಮುಂದೆ ಓರೆ ಹೊಲಿಗೆ ಮೇಲೆ ಕೆಳಗೆ ಆಡುತ್ತಿತ್ತು.

ಮುಂದೆ ನಡೆದದ್ದನ್ನು ಆಮೇಲೆ ಅಳಿಯನೇ ಹೇಳಿದ. ದಾರಿಯುದ್ದಕ್ಕೂ ಆಕೆ ಒಂದೇ ಸಲ, ತಿರುಗದೆಯೇ, ಮಾತಾಡಿದ್ದಳಂತೆ. "ಅಳಿಯಂದಿರೆ, ಇದು ಇಷ್ಟು ಸಲೀಸಾದ ದಾರಿಯಾ? ನನಗೆ ಬೆಟ್ಟ ಅಂತ ನೆನಪು."

"ಆಗ ನೀವು ಸಣ್ಣವರು ಅಜ್ಜಿ."

"ಇರಬೇಕು. ಈಗ ದಾರಿ ಸಣ್ಣದಾಗಿದೆ."

ಬಂಡೆ ಬಂತು. ಆಕೆ ಬಂಡೆಗೆ ಒಂದು ಕೈ ಕೊಟ್ಟು ನಿಂತಳು. ಅಲ್ಲಿ ನಿಂತು ಕತ್ತು ಚಾಚಬೇಕು, ಕೂಗಬೇಕು, ತಿರುಗಬೇಕು. ಎಪ್ಪತ್ತು ವರ್ಷದಲ್ಲಿ ಯಾರೂ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದಿಲ್ಲ. ಅದಕ್ಕೂ ಮುಂಚೆಯೂ ಯಾರೂ ಹೋದಂತಿಲ್ಲ. ಆಕೆ ಕತ್ತು ಚಾಚಲಿಲ್ಲ. ಆ ಕತ್ತು ಚಾಚುವ ಕತ್ತಾಗಿ ಉಳಿದಿರಲಿಲ್ಲ. ಆಕೆ ಬಂಡೆಯನ್ನು ಬಳಸಿಕೊಂಡು ನಡೆದೇ ಹೋದಳು, ತಿರುವಿನ ಆಚೆಗೆ.

ಸಾಲಿನಲ್ಲಿ ನಾವು ಕಿವಿ ನಿಮಿರಿಸಿಕೊಂಡು ಕಾದೆವು. ಕೂಗು ಬರಲಿಲ್ಲ.

ಊರಬಾಗಿಲಿನಿಂದ ಯಜಮಾನನ ಪ್ರಶ್ನೆ ಬಾಯಿಂದ ಬಾಯಿಗೆ ಮುಂದಕ್ಕೆ ಹೋಯಿತು: "ಕಂಡಳಾ?" ನಾನೂ ನನ್ನ ಪಾಲಿನ ಬಾಯಿ ಸೇರಿಸಿ ಓರೆ ಹೊಲಿಗೆಗೆ ದಾಟಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಹಿಂದಕ್ಕೆ ಬಂತು: "ಇನ್ನೂ ಇಲ್ಲ."

ಕೂಗು ಬರದೆ ಸಾಲು ನಿಲ್ಲುವಂತಿಲ್ಲ. ನಾವು ನಡೆದೆವು. ಅಳಿಯ ಬಂಡೆ ದಾಟಿದ. ಅವನ ಹಿಂದೆ ಹೋದ ವರ್ಷದವನು ದಾಟಿದ. ನಾನು ಹೊಂಗೆಮರದ ಹತ್ತಿರ ಬಂದೆ. ಹೋದ ವರ್ಷ ತಿರುಗಿದ ಜಾಗ. ಕಾಲು ಅಭ್ಯಾಸಬಲದಿಂದ ತಿರುಗಲು ಹೋಯಿತು, ತಡೆದೆ. ಹೊಂಗೆಮರ ಹಿಂದಾಯಿತು. ಅದರ ಮುಂದಿನ ಹಾಸುಗಲ್ಲು, ಹತ್ತು ವರ್ಷದ ಹಿಂದೆ ನಾನು ತಿರುಗುತ್ತಿದ್ದದ್ದು, ಬಂತು, ಹೋಯಿತು. ಇಪ್ಪತ್ತು ಹೆಜ್ಜೆಗೊಂದು ವರ್ಷದಂತೆ ನನ್ನ ವಯಸ್ಸು ಹಿಂದಕ್ಕೆ ಸರಿಯುತ್ತಿತ್ತು. ನನ್ನ ಮದುವೆಯಾದ ವರ್ಷದ ಅತ್ತಿಮರ ಬಂದಾಗ ನನಗೆ ಸುಮ್ಮನೆ ನಗು ಬಂತು.

"ಕಂಡಳಾ?" ಎಂದು ಹಿಂದಿನಿಂದ ಮತ್ತೆ ಬಂತು. "ಇನ್ನೂ ಇಲ್ಲ," ಎಂದು ಮುಂದಿನಿಂದ ಮತ್ತೆ ಬಂತು.

ಬಂಡೆಯ ಬಳಿ ಬಂದೆ. ನನ್ನ ಒಂದು ನೋಟ ಮೂವತ್ತೊಂದು ವರ್ಷದ ಹಿಂದೆ ಮುಗಿದಿತ್ತು. ಈಗ ನೋಡಿದರೆ ಕದ್ದು ನೋಡಿದಂತೆ. ನೆಲ ನೋಡುತ್ತ ತಿರುವು ದಾಟಿದೆ. ಮೊದಲು ಕಂಡದ್ದು ಕಾಲುಗಳು, ಸಾಲಿನವರ ಕಾಲುಗಳು, ಒಂದು ದೊಡ್ಡ ಹಾಸುಬಂಡೆಯ ಮೇಲೆ. ರಾಗಿ ಕಣದಷ್ಟು ಅಗಲದ ಬಂಡೆ, ಬಿಸಿಲಿಗೆ ಬೆಚ್ಚಗೆ, ಊರಿಗೆ ಊರೇ ಕೂರುವಷ್ಟು ಜಾಗ. ನಮ್ಮೂರಲ್ಲಿ ಇಷ್ಟು ಒಳ್ಳೆಯ ಜಗಲಿ ಯಾರಿಗೂ ಇಲ್ಲ. ಮುಂದೆ ನಡೆಯಲು ದಾರಿಯೇ ಇಲ್ಲದೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು, ಶಾಲೆಯಲ್ಲಿ ಏಟು ತಿಂದ ಮಕ್ಕಳ ಹಾಗೆ. ಮುದುಕಿ ಒಬ್ಬಳೇ ಕಾಲು ಚಾಚಿ ಕೂತು ಎದುರಿಗೆ ನೋಡುತ್ತಿದ್ದಳು. ಕಣ್ಣು ಎಷ್ಟು ಅಗಲಕ್ಕೆ ತೆರೆದುಕೊಳ್ಳುತ್ತದೋ ಅಷ್ಟಗಲ ತೆರೆದಿತ್ತು. ಮುಖವೆಲ್ಲ ತುಂತುರಿಗೆ ಒದ್ದೆಯಾಗಿತ್ತು.

ಅಳಿಯ ಪಿಸುಗುಟ್ಟಿದ. "ಅಜ್ಜಿ, ಎದುರಿಗೇ ಇದೆಯಲ್ಲ. ಕೂಗಿ ಅಜ್ಜಿ, ಎಲ್ಲರೂ ಕಾಯ್ತಿದ್ದಾರೆ."

"ಕಂಡರೆ ತಾನೆ ಕೂಗೋದು? ಇನ್ನೂ ನೋಡ್ತಾ ಇದ್ದೀನಿ."

"ಮತ್ತೆ ನಾವು?"

"ನೀವೇನಾದರೂ ಮಾಡ್ಕೊಳಿ. ನನ್ನ ಮುಂದೆ ಮಾತ್ರ ನಿಲ್ಲಬೇಡಿ, ಅಡ್ಡ ಆಗುತ್ತೆ."

ಮೊದಲು ತಲೆ ಎತ್ತಿದ್ದು ಯಾರೋ ನನಗೆ ಗೊತ್ತಿಲ್ಲ. ನಾನಂತೂ ಎತ್ತಿದೆ. ನೋಡಿದೆ.

ಏಳು ತಾಳೆಮರವಿರಲಿಲ್ಲ, ಬಹಳವೆಂದರೆ ಎರಡು. ಕಾಮನಬಿಲ್ಲು ಇರಲಿಲ್ಲ. ಹಕ್ಕಿಯ ಹೆಸರಿಗೆ ಒಂದು ಕಾಗೆ ಇತ್ತು. ಆದರೆ ಅದು ಬೀಳುತ್ತಿತ್ತು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಒಂದು ರೆಪ್ಪೆಯ ಹೊತ್ತಿನಲ್ಲಿ ಕಂಡವರಿಗೆ ಅದು ನಿಂತ ಪಂಚೆ. ನೋಡುತ್ತ ನಿಂತರೆ ಅದು ಬೀಳುತ್ತಲೇ ಇರುತ್ತದೆ, ಬಿದ್ದದ್ದು ಹೋಗುತ್ತಲೇ ಇರುತ್ತದೆ, ಮೇಲಿನಿಂದ ಮತ್ತೆ ಬರುತ್ತಲೇ ಇರುತ್ತದೆ. ನನ್ನ ಕಣ್ಣೆದುರಿಗೇ ಪೂರ್ತಿ ಸವೆಯಿತು, ನನ್ನ ಕಣ್ಣೆದುರಿಗೇ ಪೂರ್ತಿ ಹೊಸದಾಯಿತು. ನನಗೆ ಅಳು ಬಂತು. ಗಾಣದವನೂ ಅಳುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಅಲ್ಲೇ ಅವನಿಗೆ ಹೊಲಿಗೆಯ ವಿಷಯ ಹೇಳಿಬಿಟ್ಟೆ. "ಗೊತ್ತು ಮಾರಾಯ," ಎಂದ, "ನನ್ನ ಹೆಂಡತಿ ಹೋದ ಶತಮಾನದಿಂದ ಬಯ್ತಿದ್ದಾಳೆ."

ಅತ್ತ ಊರಬಾಗಿಲಿನಲ್ಲಿ ತೊಂದರೆ ಶುರುವಾಗಿತ್ತು. ಹಾರದ ಮುದುಕ ಬಾಗಿಲಲ್ಲಿ ನಿಂತಿರಬೇಕಾದವನು, ಕೂಗು ಬರದ ಕಾರಣ ನಡೆಯಲೇಬೇಕಾಗಿ ಬಂದು ಶಪಿಸುತ್ತ ಹೊರಟುಹೋಗಿದ್ದ. ಕೊರಳೇ ಹೋದ ಮೇಲೆ ಹಾರವನ್ನು ಏನು ಮಾಡುವುದು? ಯಜಮಾನ ಹಾರ ಹಿಡಿದು ಅವನ ಹಿಂದೆ ಓಡಿದ. ಯಜಮಾನ ಹೋದನೆಂದು ಕೊಪ್ಪರಿಗೆ ಹೊತ್ತವರು ಹೊರಟರು. ಕೊಪ್ಪರಿಗೆ ಹೋದದ್ದನ್ನು ಕಂಡು ಊರು ಹೊರಟಿತು. ಇಪ್ಪತ್ತು ಹೆಜ್ಜೆ ಬಿಡಿ ಎಂದು ಯಾರೋ ಕೂಗಿದರಂತೆ, ಪುಳಿಯೋಗರೆಯ ಹಿಂದೆ ಯಾರು ಇಪ್ಪತ್ತು ಹೆಜ್ಜೆ ಬಿಡುತ್ತಾರೆ?

ಯಜಮಾನ ಹಾಸುಬಂಡೆಗೆ ಬಂದಾಗ ಅವನ ಕಣ್ಣು ತನ್ನ ಹೆಬ್ಬೆರಳ ಮೇಲೇ ಇತ್ತು. "ಅಜ್ಜಿ, ಇದು ಅನ್ಯಾಯ. ಕಂಡಿರೋ ಇಲ್ಲವೋ?"

"ಇನ್ನೂ ಇಲ್ಲಪ್ಪ. ಮುಗಿದ ಮೇಲೆ ಹೇಳ್ತೀನಿ."

"ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ನೀನೇ ನೋಡಿ ಹೇಳು."

ಅವನು ತಲೆ ಎತ್ತಿದ. ಬಹಳ ಹೊತ್ತು ನಿಂತ. ಕೈಯಲ್ಲಿದ್ದ ಹಾರ ಜೋತುಬಿದ್ದು ನೆಲ ಮುಟ್ಟಿತು. "ಇದು ಅಲ್ಲಾಡ್ತಾ ಇದೆಯಲ್ಲ," ಎಂದ. ಅವನ ಪಾಠದಲ್ಲಿ ಅದು ಇರಲಿಲ್ಲ.

ಊರೆಲ್ಲ ಅಲ್ಲೇ ಉಂಡಿತು. ಕೈಯನ್ನು ಜಲಪಾತದ ನೀರಲ್ಲೇ ತೊಳೆಯಿತು. ಹೊತ್ತು ಇಳಿಯತೊಡಗಿದಾಗ ಮಕ್ಕಳಿಗೆ ನಿದ್ದೆ ಬಂತು, ಮನೆಗೆ ಹೋಗಬೇಕೆಂದರು. ಆಗ ಎಲ್ಲರಿಗೂ ನೆನಪಾಯಿತು: ಕೂಗು ಬಂದಿಲ್ಲ, ತಿರುಗುವಂತಿಲ್ಲ. ಮುದುಕಿಯನ್ನು ಕೇಳಿದರೆ ಇನ್ನೂ ಇಲ್ಲ ಎಂದಳು. ನಮ್ಮೂರಿನವರು ನಿಯಮ ಮುರಿಯುವ ಜಾತಿಯಲ್ಲ. ಆದ್ದರಿಂದ ನಾವು ತಿರುಗದೆ, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಮನೆಗೆ ಹೊರಟೆವು. ಮುಖ ಜಲಪಾತದ ಕಡೆ, ಬೆನ್ನು ಊರಿನ ಕಡೆ. ಕೊಪ್ಪರಿಗೆಯೂ ಹಿಂದು ಹಿಂದಕ್ಕೆ, ಯಜಮಾನನೂ ಹಿಂದು ಹಿಂದಕ್ಕೆ. ಅಳಿಯ ಮುದುಕಿಯ ಕೈ ಹಿಡಿದುಕೊಂಡಿದ್ದ. ನದಿ ಎಡಗಡೆಯೇ ಇತ್ತು. ಸಾವಿರದ ನಾನೂರು ಹೆಜ್ಜೆ, ಒಬ್ಬರೂ ಎಡವಲಿಲ್ಲ. ದಾರಿ ಅಷ್ಟು ಸುಲಭ.

ಮಾರನೆಯ ದಿನ ನದಿಯ ಮೆಟ್ಟಿಲಿಗೆ ಹೋಗಿ ನೋಡಿದೆವು. ನೀರು ಅದೇ ಮೆಟ್ಟಿಲನ್ನು ಮುಟ್ಟುತ್ತಿತ್ತು.

ಕೂಗು ಬರದೆ ಸಾಲು ಮುಗಿಯುವುದಿಲ್ಲ. ಮುಗಿಯದ ಸಾಲಿನಲ್ಲಿ ಯಾರು ಯಾವಾಗ ನಡೆದರೂ ತಪ್ಪಲ್ಲ. ಹಾಗಾಗಿ ದಾರಿ ತೆರೆದೇ ಉಳಿಯಿತು. ಸಂಜೆ ಹೊತ್ತು ಬಾಣಂತಿಯರು ಹೋದರು, ಕುಂಟರು ಹೋದರು, ಜಗಳವಾಡಿದ ಗಂಡ ಹೆಂಡಿರು ಬೇರೆ ಬೇರೆ ಹೋಗಿ ಒಟ್ಟಿಗೆ ಹಿಂದು ಹಿಂದಕ್ಕೆ ಬಂದರು. ಯಜಮಾನನ ಕುರ್ಚಿ ಮಾತ್ರ ಖಾಲಿ ಕೂತಿತು. ಅವನು ದಿನಾ ಬೆಳಿಗ್ಗೆ ಮುದುಕಿಯ ಬಾಗಿಲಿಗೆ ಬಂದು ಕೇಳುತ್ತಿದ್ದ, "ಕಂಡಿರಾ ಅಜ್ಜಿ?" ಆಕೆ ಬತ್ತಿ ಹೊಸೆಯುತ್ತ, "ಇನ್ನೂ ಇಲ್ಲಪ್ಪ," ಎನ್ನುತ್ತಿದ್ದಳು. ಅವನು ಹೋದ ಮೇಲೆ ಕೋಲು ಹಿಡಿದು ನದಿ ದಾರಿಗೆ ಇಳಿಯುತ್ತಿದ್ದಳು.

ಹೀಗೆ ಮೂರು ವರ್ಷ. ಮೂರನೆಯ ವರ್ಷದ ಕೊನೆಗೆ ಆಕೆ ಹಾಸಿಗೆ ಹಿಡಿದಳು.

ಒಂದು ಬೆಳಿಗ್ಗೆ ಆಕೆಗೆ ಮೇಲುಸಿರು ಬಂತೆಂದು ಕೇಳಿ ನಾವೆಲ್ಲ ಆ ಸಣ್ಣ ಮನೆಯಲ್ಲಿ ಸೇರಿದೆವು. ಯಜಮಾನ ಎಲ್ಲರಿಗಿಂತ ಮುಂಚೆ ಬಂದು ತಲೆದೆಸೆಯಲ್ಲಿ ಕೂತಿದ್ದ. ಅವನ ಮೇಲೆ ನನಗೆ ಸಿಟ್ಟು ಬಂತು. ಆಕೆ ಕೂಗಿದರೆ ಸಾಲು ಮುಗಿಯುತ್ತದೆ, ದಾರ ಎಳೆದ ಚೀಲದ ಬಾಯಿಯಂತೆ ದಾರಿ ಮುಚ್ಚಿಕೊಳ್ಳುತ್ತದೆ. ಕೂಗದೆ ಹೋದರೆ ಎಂದೆಂದಿಗೂ ತೆರೆದಿರುತ್ತದೆ. ಅಳಿಯ ಆಕೆಯ ಕಾಲ ಬಳಿ ಕೂತು, "ಏನೂ ಹೇಳಬೇಡಿ ಅಜ್ಜಿ, ಸುಮ್ಮನಿರಿ," ಎನ್ನುತ್ತಿದ್ದ.

ಯಜಮಾನ ಬಗ್ಗಿದ. "ಅಜ್ಜಿ. ಹೋಗೋ ಹೊತ್ತಲ್ಲಿ ಸುಳ್ಳು ಹೇಳಬಾರದು. ಮೂರು ವರ್ಷ ದಿನಾ ನೋಡಿದ್ದೀರಿ. ಕಂಡಿರೋ ಇಲ್ಲವೋ?"

ಆಕೆ ಅವನನ್ನು ನೋಡಿದಳು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಎರಡು ಕಣ್ಣನ್ನೂ ಗಟ್ಟಿಯಾಗಿ, ಹಣೆಯೆಲ್ಲ ನೆರಿಗೆ ಕಟ್ಟುವ ಹಾಗೆ, ಒಂಬತ್ತು ವರ್ಷದ ಹುಡುಗಿಯರು ಮುಚ್ಚುವ ಹಾಗೆ ಮುಚ್ಚಿಕೊಂಡಳು. ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಮನೆ ಕೇಳುವಂತೆ ಕೂಗಿದಳು.

"ಕಂಡೆ."

ಯಜಮಾನ ಎದ್ದು ನಿಂತ. "ಕೇಳಿದಿರಲ್ಲ ಎಲ್ಲರೂ? ಸಾಲು ಮುಗೀತು."

ಅಳಿಯ ಮೆಲ್ಲಗೆ ಕಿಟಕಿಯ ಕಡೆ ಕೈ ತೋರಿಸಿದ. ಕಿಟಕಿಯಿಂದ ಊರಬಾಗಿಲಿನ ಹಲಗೆ ಕಾಣುತ್ತದೆ. ಹಲಗೆಯ ಕೊನೆಯ ಸಾಲು, ಯಜಮಾನನದೇ ಅಕ್ಷರ, ಕೆಳಗೊಂದು ಗೆರೆ.

ಅವನು ಅದನ್ನು ಓದಿದ. ಎರಡು ಸಲ ಓದಿದ. ಆಮೇಲೆ ಮೆತ್ತಗೆ ಮತ್ತೆ ಕೂತುಕೊಂಡ.

ಮುದುಕಿ ಒಂದೇ ಒಂದು ಕಣ್ಣು ತೆರೆದು ಅವನ ಮುಖ ಹೇಗಾಗಿದೆ ಎಂದು ನೋಡಿದಳು. ನೋಡಿ ಮತ್ತೆ ಮುಚ್ಚಿದಳು. ಆಮೇಲೆ ತೆರೆಯಲಿಲ್ಲ.

ನಾವು ಈಗಲೂ ಸತ್ತವರ ಜಾಗ ತುಂಬುವುದಿಲ್ಲ. ಆಕೆಯ ಜಾಗವನ್ನೂ ಹಾಗೇ ಬಿಟ್ಟಿದ್ದೇವೆ. ಅದು ಎಲ್ಲರಿಗಿಂತ ಮುಂದೆ ಇರುವುದರಿಂದ, ನಮಗೆ ಯಾರಿಗೂ ಏನೂ ಅಡ್ಡವಾಗುವುದಿಲ್ಲ.